ಒಂದೇ ಸಾಮ್ರಾಜ್ಯ, ಬಾಯ್ಲರಿಗೆ ಎರಡು ಕಾನೂನು

ರಜೆಯಲ್ಲಿ ಕರ್ನಾಟಕಕ್ಕೆ ಬಂದಾಗಲೆಲ್ಲ ಹಳೆಯ ಸಹೋದ್ಯೋಗಿಗಳು ನನ್ನನ್ನು ಕೇಳುವ ಪ್ರಶ್ನೆ ಒಂದಿದೆ: "ಇಂಗ್ಲೆಂಡಿನಲ್ಲಿ ಸರ್ಕಾರಿ ಬಾಯ್ಲರ್ ಇನ್‌ಸ್ಪೆಕ್ಟರೇ ಇಲ್ಲವಂತಲ್ಲ, ನಿಜವೇ?" ಕೇಳುವವರು ಕಾರ್ಖಾನೆಯ ಆಡಳಿತದವರಾಗಿದ್ದರೆ ಆ ಮಾತಿನಲ್ಲಿ ಸಣ್ಣದೊಂದು ಅಸೂಯೆ ಇರುತ್ತದೆ, ಬಾಯ್ಲರ್ ಮನೆಯಲ್ಲಿ ಪಾಳಿ ದುಡಿಯುವವರಾಗಿದ್ದರೆ ಆತಂಕವಿರುತ್ತದೆ. ವರ್ಷಕ್ಕೊಮ್ಮೆ ಬಂದು ಬಾಯ್ಲರಿನ, ಅಂದರೆ ನೀರು ಕಾಯಿಸಿ ಒತ್ತಡದ ಹಬೆ ಹುಟ್ಟಿಸುವ ಪಾತ್ರೆಯ, ಒಳಹೊಕ್ಕು ನೋಡಿ ಪ್ರಮಾಣಪತ್ರ ಕೊಡುವ ಸರ್ಕಾರಿ ಅಧಿಕಾರಿ ಬ್ರಿಟನ್ನಿನಲ್ಲಿ ಇಲ್ಲವೆಂಬುದು ನಿಜ. ಆದರೆ ಈ ನಿಜವನ್ನು ಅರ್ಧಕ್ಕೆ ಕೇಳಿಸಿಕೊಂಡು, ಅದರ ಆಧಾರದ ಮೇಲೆ ನಮ್ಮ ದೇಶದಲ್ಲಿಯೂ ಇನ್‌ಸ್ಪೆಕ್ಟರರನ್ನು ದೂರವಿಟ್ಟರೆ ಸಾಕೆಂದು ವಾದಿಸುವವರು ಇತ್ತೀಚೆಗೆ ಹೆಚ್ಚಾಗಿರುವುದರಿಂದ, ಎರಡೂ ವ್ಯವಸ್ಥೆಗಳಲ್ಲಿ ಕೆಲಸ ಮಾಡಿದವನಾಗಿ ನನ್ನ ಅನಿಸಿಕೆಯನ್ನು ಬರೆದಿಡಬೇಕೆನಿಸಿತು.

ನಾನು ಕೆಲಸ ಕಲಿತದ್ದು ಒಂದು ಸಕ್ಕರೆ ಕಾರ್ಖಾನೆಯಲ್ಲಿ. ಕಬ್ಬು ನುರಿಸುವ ಹಂಗಾಮು ಮುಗಿದು ಕುಲುಮೆ ತಣ್ಣಗಾದ ಮೇಲೆ ತಪಾಸಣೆಯ ಸಿದ್ಧತೆ ವಾರಗಟ್ಟಲೆ ನಡೆಯುತ್ತಿತ್ತು. ಒಳಗೆ ನುಸುಳುವ ಕಂಡಿಯಾದ ಮ್ಯಾನ್‌ಹೋಲ್ ಬಿಚ್ಚಿ, ನೀರು-ಹಬೆ ತುಂಬಿರುವ ಡ್ರಮ್ಮಿನ ಒಳಮೈ ಕೆರೆದು, ಟ್ಯೂಬುಗಳೊಳಗೆ ಕಟ್ಟಿದ ಸ್ಕೇಲ್, ಅಂದರೆ ಸುಣ್ಣದ ಪದರ, ತೆಗೆದು, ವಾಲ್ವುಗಳನ್ನೆಲ್ಲ ಬಿಚ್ಚಿ ಅವುಗಳ ಸೀಟುಗಳನ್ನು ಉಜ್ಜಿ ಸಾಲಾಗಿ ಇಡಲಾಗುತ್ತಿತ್ತು. ಇನ್‌ಸ್ಪೆಕ್ಟರ್ ಸಾಹೇಬರು ದೀಪ ಮತ್ತು ಸಣ್ಣ ಸುತ್ತಿಗೆ ಹಿಡಿದು ಡ್ರಮ್ಮಿನೊಳಗೆ ತೆವಳಿ, ತಟ್ಟಿದಾಗ ಬರುವ ಸದ್ದಿನಿಂದಲೇ ತಗಡಿನ ಆರೋಗ್ಯವನ್ನು ಅಂದಾಜು ಮಾಡುತ್ತಿದ್ದರು. ಆಮೇಲೆ ಹೈಡ್ರಾಲಿಕ್ ಟೆಸ್ಟ್: ಬಾಯ್ಲರಿನ ತುಂಬ ನೀರು ತುಂಬಿಸಿ, ಕೆಲಸದ ಒತ್ತಡಕ್ಕಿಂತ ಹೆಚ್ಚಿನ ಒತ್ತಡಕ್ಕೆ ಏರಿಸಿ, ಟ್ಯೂಬಿನ ತುದಿಯಲ್ಲಿ ಒಂದು ಹನಿ ಬೆವರಿದರೂ ಗುರುತು ಹಾಕುವುದು. ಇದೆಲ್ಲ ಮುಗಿದು ಹನ್ನೆರಡು ತಿಂಗಳಿಗೆ ಮೀರದ ಅವಧಿಯ ಪ್ರಮಾಣಪತ್ರ ಕೈಗೆ ಬಂದು ಬಾಯ್ಲರ್ ಮನೆಯ ಗೋಡೆಯೇರಿದ ದಿನ ನಮ್ಮ ವ್ಯವಸ್ಥಾಪಕರು "ಈ ವರ್ಷದ ಗಂಡಾಂತರ ಕಳೆಯಿತು" ಎನ್ನುತ್ತಿದ್ದರು. ಗಂಡಾಂತರವೆಂದು ಅವರು ಕರೆದದ್ದು ಬಾಯ್ಲರನ್ನಲ್ಲ, ತಪಾಸಣೆಯನ್ನು.

ಆ ಮಾತಿನ ಅರ್ಥ ನನಗೆ ತಿಳಿದದ್ದು ಮುಂದಿನ ಹಂಗಾಮಿನಲ್ಲಿ. ನೀರಿನ ಗಡಸುತನ ತೆಗೆಯುವ ಸಾಫ್ಟನರ್ ಕೆಟ್ಟಿತು. ಅಂಗಳದಲ್ಲಿ ಕಬ್ಬಿನ ಗಾಡಿಗಳ ಸಾಲು ನಿಂತಿದ್ದುದರಿಂದ ಬಾಯ್ಲರ್ ನಿಲ್ಲಿಸುವ ಮಾತೇ ಬರಲಿಲ್ಲ; ಎರಡು ಮೂರು ವಾರ ಗಡಸು ನೀರನ್ನೇ ಕುಡಿಸಲಾಯಿತು. ಟ್ಯೂಬಿನ ಒಳಗೆ ಸುಣ್ಣದ ಪದರ ಕಟ್ಟಿದರೆ ಬೆಂಕಿಯ ಕಾವು ನೀರಿಗೆ ದಾಟಲಾರದೆ ಲೋಹದಲ್ಲಿಯೇ ಉಳಿಯುತ್ತದೆ, ಲೋಹ ಮೆತ್ತಗಾಗಿ ಉಬ್ಬುತ್ತದೆ, ಕೊನೆಗೆ ಸೀಳುತ್ತದೆ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಲಾಗ್ ಪುಸ್ತಕದಲ್ಲಿ ಮಾತ್ರ ನೀರಿನ ಪರೀಕ್ಷೆಯ ಅಂಕಿಗಳು ಹಿಂದಿನ ತಿಂಗಳಿನಂತೆಯೇ ಮುದ್ದಾಗಿ ಮುಂದುವರಿದವು. ಅದೃಷ್ಟವಶಾತ್ ಕೆಲವು ಟ್ಯೂಬುಗಳು ಹೋದದ್ದನ್ನು ಬಿಟ್ಟರೆ ಯಾರಿಗೂ ಪೆಟ್ಟಾಗಲಿಲ್ಲ. ಆ ಮೂರು ವಾರವೂ ಗೋಡೆಯ ಮೇಲಿನ ಪ್ರಮಾಣಪತ್ರ ಕಾನೂನಿನ ಪ್ರಕಾರ ಸಂಪೂರ್ಣ ಊರ್ಜಿತವಾಗಿತ್ತು.

ಈ ಅಪಾಯ ಎಷ್ಟು ದೊಡ್ಡದೆಂಬುದನ್ನು ಬಾಯ್ಲರ್ ಕಾಣದವರಿಗಾಗಿ ಎರಡು ಮಾತಿನಲ್ಲಿ ಹೇಳಬೇಕು. ಹತ್ತು ಬಾರ್, ಅಂದರೆ ಹೊರಗಿನ ಗಾಳಿಯ ಒತ್ತಡಕ್ಕಿಂತ ಸುಮಾರು ಹತ್ತು ಪಟ್ಟು ಹೆಚ್ಚಿನ, ಒತ್ತಡದ ಬಾಯ್ಲರಿನಲ್ಲಿರುವ ನೀರು 184 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾಗಿದ್ದರೂ ಒತ್ತಡದ ಹಿಡಿತದಿಂದಾಗಿ ನೀರಾಗಿಯೇ ಇರುತ್ತದೆ. ಪಾತ್ರೆ ಹರಿದು ಒತ್ತಡ ಕಳಚಿದ ಕ್ಷಣ ಅದರ ಸುಮಾರು ಆರರಲ್ಲೊಂದು ಪಾಲು ಒಮ್ಮೆಗೇ ಹಬೆಯಾಗುತ್ತದೆ, ಮತ್ತು ಹಬೆಯಾದ ನೀರು ಮೊದಲಿನದಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದೆ. ಗೋಡೆ, ಛಾವಣಿ, ಎದುರಿಗಿದ್ದ ಮನುಷ್ಯ, ಯಾವುದೂ ಅದಕ್ಕೆ ಲೆಕ್ಕವಲ್ಲ.

ಎರಡು ದೇಶಗಳ ದಾರಿ ಕವಲೊಡೆದ ಬಗೆ ಸ್ವಾರಸ್ಯಕರವಾಗಿದೆ. 1863ರಲ್ಲಿ ಕಲ್ಕತ್ತೆಯಲ್ಲಿ ಒಂದು ಬಾಯ್ಲರ್ ಸ್ಫೋಟಗೊಂಡು ಹಲವರು ಸತ್ತರು. ಮರುವರ್ಷವೇ, 1864ರಲ್ಲಿ, ಬಂಗಾಳದ ಶಾಸನ ಪರಿಷತ್ತು ಕಲ್ಕತ್ತೆ ಮತ್ತು ಅದರ ಸುತ್ತಮುತ್ತಲಿನ ಬಾಯ್ಲರುಗಳನ್ನು ಸರ್ಕಾರವೇ ತಪಾಸಣೆ ಮಾಡಬೇಕೆಂಬ ಕಾಯಿದೆ ತಂದಿತು. ಇತರ ಪ್ರಾಂತಗಳು ಒಂದೊಂದಾಗಿ ತಮ್ಮದೇ ಕಾಯಿದೆ ಮಾಡಿಕೊಂಡವು. ಒಂದು ಪ್ರಾಂತದಲ್ಲಿ ಸರಿಯೆನಿಸಿದ ಬಾಯ್ಲರ್ ಇನ್ನೊಂದರಲ್ಲಿ ತಪ್ಪೆನಿಸಿಕೊಳ್ಳುವ ಗೊಂದಲ ಬೆಳೆದು, ಕೊನೆಗೆ ಇಡೀ ದೇಶಕ್ಕೆ ಒಂದೇ ಆದ 1923ರ ಭಾರತೀಯ ಬಾಯ್ಲರುಗಳ ಅಧಿನಿಯಮ ಬಂತು. ಅದರಡಿಯಲ್ಲಿ 1950ರ ನಿಯಮಾವಳಿ (ಇಂಡಿಯನ್ ಬಾಯ್ಲರ್ ರೆಗ್ಯುಲೇಷನ್ಸ್), ಎಲ್ಲರ ಬಾಯಲ್ಲಿ ಐಬಿಆರ್, ರೂಪುಗೊಂಡಿತು.

ಅದೇ ಕಾಲದಲ್ಲಿ ಆಳುವವರ ಸ್ವಂತ ದೇಶದಲ್ಲಿ ನಡೆದದ್ದೇ ಬೇರೆ. ಲ್ಯಾಂಕಷೈರ್ ಎಂಬ ಬಗೆಯ ಬಾಯ್ಲರ್ ರೂಪಿಸಿದ ಎಂಜಿನಿಯರ್ ವಿಲಿಯಂ ಫೇರ್‌ಬೇರ್ನ್ ಮುಂತಾದವರು 1854ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹಬೆ ಬಳಸುವ ಕಾರ್ಖಾನೆಗಳದ್ದೇ ಒಂದು ಸಂಘ ಕಟ್ಟಿ, ಸದಸ್ಯರ ಬಾಯ್ಲರುಗಳನ್ನು ತಾವೇ ಪರೀಕ್ಷಿಸುವ ಏರ್ಪಾಡು ಮಾಡಿದರು. ಕೆಲವೇ ವರ್ಷಗಳಲ್ಲಿ ವಿಮಾ ಕಂಪನಿಗಳೂ ಈ ಕೆಲಸಕ್ಕೆ ಇಳಿದವು. ಸ್ಫೋಟಗಳು ನಿಲ್ಲದಿದ್ದಾಗ 1870-71ರಲ್ಲಿ ಪಾರ್ಲಿಮೆಂಟಿನ ಸಮಿತಿಯೊಂದು ವಿಷಯವನ್ನು ಕೂಲಂಕಷವಾಗಿ ಕೇಳಿತಾದರೂ ಕಡ್ಡಾಯ ಸರ್ಕಾರಿ ತಪಾಸಣೆಗೆ ಒಪ್ಪಲಿಲ್ಲ. ಸರ್ಕಾರ ಮುದ್ರೆಯೊತ್ತಿದರೆ ಮಾಲೀಕನ ಹೊಣೆ ಸಡಿಲವಾಗುತ್ತದೆ ಎಂಬುದು ಆಗಿನ ವಾದ. ಹಾಗಾಗಿ 1882ರಲ್ಲಿ ಬಂದ ಬಾಯ್ಲರ್ ಸ್ಫೋಟಗಳ ಕಾಯಿದೆ ತಪಾಸಣೆಯ ಮಾತನ್ನೇ ಎತ್ತದೆ, ಸ್ಫೋಟವಾದ ಮೇಲಿನ ವಿಚಾರಣೆಗೆ ಮಾತ್ರ ಏರ್ಪಾಡು ಮಾಡಿತು. ನಿಗದಿತ ಅವಧಿಗೊಮ್ಮೆ, ಅಂದರೆ ಹದಿನಾಲ್ಕು ತಿಂಗಳಿಗೆ ಒಮ್ಮೆಯಾದರೂ, ಸಮರ್ಥ ವ್ಯಕ್ತಿಯೊಬ್ಬನಿಂದ ಬಾಯ್ಲರ್ ಪರೀಕ್ಷೆಯಾಗಬೇಕೆಂಬ ನಿಯಮ ಅಲ್ಲಿಗೆ ಬಂದದ್ದು 1901ರ ಕಾರ್ಖಾನೆ ಕಾಯಿದೆಯಲ್ಲಿ. ಆ ಸಮರ್ಥ ವ್ಯಕ್ತಿ ಸರ್ಕಾರಿ ನೌಕರನಾಗಬೇಕೆಂದು ಆಗಲೂ ಹೇಳಲಿಲ್ಲ.

ಹೀಗೆ ಒಂದೇ ರಾಣಿಯ ಆಳ್ವಿಕೆಯಲ್ಲಿ ಕಲ್ಕತ್ತೆಯ ಮಾಲೀಕನಿಗೆ ಸರ್ಕಾರಿ ಇನ್‌ಸ್ಪೆಕ್ಟರ್, ಮ್ಯಾಂಚೆಸ್ಟರಿನ ಮಾಲೀಕನಿಗೆ ಸ್ವಂತ ಆತ್ಮಸಾಕ್ಷಿ ಮತ್ತು ವಿಮಾ ಕಂಪನಿ. ವಸಾಹತಿನ ಪ್ರಜೆಯ ಮೇಲಿನ ಅಪನಂಬಿಕೆ ಇದರಲ್ಲಿ ಎಷ್ಟು ಪಾಲು ಎಂದು ಯೋಚಿಸುವ ಚಾಪಲ್ಯ ನನಗೂ ಉಂಟು. ಆದರೆ ಫಲಿತಾಂಶದ ದೃಷ್ಟಿಯಿಂದ ನೋಡಿದರೆ, ಕಡ್ಡಾಯ ಪರೀಕ್ಷೆಯ ವಿಷಯದಲ್ಲಿ ಬಂಗಾಳದ ಕಾಯಿದೆ ತವರಿನ ಕಾಯಿದೆಗಿಂತ 37 ವರ್ಷ ಮುಂದಿತ್ತು. ನಮ್ಮ ಬಾಯ್ಲರ್ ಕಾನೂನನ್ನು ವಸಾಹತುಶಾಹಿಯ ಪಳೆಯುಳಿಕೆ ಎಂದು ಸಾರಾಸಗಟಾಗಿ ಜರೆಯುವವರು ಈ ಲೆಕ್ಕವನ್ನು ಗಮನಿಸುವುದು ಒಳ್ಳೆಯದು.

ಈಗ ಬ್ರಿಟನ್ನಿನಲ್ಲಿ ಜಾರಿಯಲ್ಲಿರುವುದು ಒತ್ತಡ ವ್ಯವಸ್ಥೆಗಳ ಸುರಕ್ಷತೆಯನ್ನು ಕುರಿತ 2000ನೆಯ ಇಸವಿಯ ನಿಯಮಗಳು. ಇವುಗಳಲ್ಲಿ ಹನ್ನೆರಡು ತಿಂಗಳು, ಹದಿನಾಲ್ಕು ತಿಂಗಳು ಎಂಬ ಅವಧಿಯೇ ಇಲ್ಲ. ಬದಲಿಗೆ, ಬಾಯ್ಲರ್ ಬಳಸುವವನು ಒಂದು ಲಿಖಿತ ಪರೀಕ್ಷಾ ಯೋಜನೆ ಇಟ್ಟುಕೊಂಡಿರಲೇಬೇಕು. ಯಾವ ಭಾಗವನ್ನು, ಯಾವ ರೀತಿಯಲ್ಲಿ, ಎಷ್ಟು ಕಾಲಕ್ಕೊಮ್ಮೆ ಪರೀಕ್ಷಿಸಬೇಕೆಂಬುದನ್ನು ಆ ಬಾಯ್ಲರಿನ ವಯಸ್ಸು, ಅದು ಕುಡಿಯುವ ನೀರು, ಅದರ ದುರಸ್ತಿಯ ಇತಿಹಾಸ ಇವೆಲ್ಲವನ್ನೂ ನೋಡಿ ಸಮರ್ಥ ವ್ಯಕ್ತಿ ನಿರ್ಧರಿಸಿ ಸಹಿ ಹಾಕಬೇಕು. ಯೋಜನೆಯಿಲ್ಲದೆ ಬಾಯ್ಲರ್ ನಡೆಸುವುದೇ ಅಪರಾಧ. ಹದಿನಾಲ್ಕು ತಿಂಗಳ ಹಳೆಯ ವಾಡಿಕೆ ಹಬೆಯ ಬಾಯ್ಲರುಗಳಿಗೆ ಇನ್ನೂ ನಡೆದುಕೊಂಡು ಬಂದಿದೆ. ಪರೀಕ್ಷಿಸುವವರು ಬಹುತೇಕ ವಿಮಾ ಸಂಸ್ಥೆಗಳ ಎಂಜಿನಿಯರುಗಳು, ಅಂದರೆ ಬಾಯ್ಲರ್ ಒಡೆದರೆ ಯಾರ ಜೇಬು ಹರಿಯುತ್ತದೆಯೋ ಅವರ ಕಡೆಯವರು.

ಬ್ರಿಟನ್ನಿಗೆ ಬಂದ ಹೊಸದರಲ್ಲಿ ನನ್ನನ್ನು ಬೆರಗುಗೊಳಿಸಿದ್ದು ಈ ನಿಯಮಗಳ ಹತ್ತನೆಯ ಕಲಮು. ಪರೀಕ್ಷೆಯ ವೇಳೆ ಬಾಯ್ಲರಿನಿಂದ ಸನಿಹದ ಅಪಾಯವಿದೆಯೆಂದು ಸಮರ್ಥ ವ್ಯಕ್ತಿಗೆ ಅನ್ನಿಸಿದರೆ, ಆತ ಕೂಡಲೇ ಮಾಲೀಕನಿಗೆ ಲಿಖಿತ ವರದಿ ಕೊಡಬೇಕು. ದುರಸ್ತಿಯಾಗುವ ತನಕ ಮಾಲೀಕ ಅದನ್ನು ನಡೆಸುವಂತಿಲ್ಲ. ಅಷ್ಟಕ್ಕೇ ಮುಗಿಯುವುದಿಲ್ಲ. ಅದೇ ವರದಿಯನ್ನು ಹದಿನಾಲ್ಕು ದಿನಗಳೊಳಗೆ ಸರ್ಕಾರದ ಜಾರಿ ಪ್ರಾಧಿಕಾರಕ್ಕೆ ಆತನೇ ನೇರವಾಗಿ ಕಳುಹಿಸಬೇಕು. ತನಗೆ ಸಂಬಳ ಕೊಡುವ ಗಿರಾಕಿಯ ಮೇಲೆ ಸರ್ಕಾರಕ್ಕೆ ವರದಿ ಮಾಡುವುದು ಅವನ ಇಷ್ಟಕ್ಕೆ ಬಿಟ್ಟ ವಿಷಯವಲ್ಲ. ಗಿರಾಕಿ ಮುನಿಸಿಕೊಂಡು ಇನ್ನೊಬ್ಬ ಪರೀಕ್ಷಕನ ಬಳಿಗೆ ಹೋದರೂ ಆ ಕಾಗದ ಸರ್ಕಾರದ ಕೈ ಸೇರಿರುತ್ತದೆ. ಖಾಸಗಿ ತಪಾಸಣೆಯೆಂಬ ಕಟ್ಟಡ ನಿಂತಿರುವುದು ಈ ಒಂದು ಕಂಬದ ಮೇಲೆ ಎಂಬುದು ನನ್ನ ಅಭಿಪ್ರಾಯ. ಒಮ್ಮೆ ನಾನಿದ್ದ ಕಡೆ ಇಂತಹ ವರದಿ ಬಂದಾಗ, ಅಪಾಯ ಅಷ್ಟೇನೂ ಸನಿಹದಲ್ಲಿಲ್ಲವೆಂದು ವಾದಿಸಿ ನೋಡಿದವರಲ್ಲಿ ನಾನೂ ಒಬ್ಬ. ಎಂಜಿನಿಯರ್ ಚಹಾ ಮುಗಿಸಿ, "ನಿಮ್ಮ ವಾದವನ್ನೂ ವರದಿಯಲ್ಲಿ ಬರೆಯುತ್ತೇನೆ" ಎಂದಷ್ಟೇ ಹೇಳಿ ಹೋದರು.

ಇನ್ನೊಂದು ವ್ಯತ್ಯಾಸ ಗಾತ್ರದ್ದು. ಭಾರತದ ಕಾನೂನಿನಲ್ಲಿ 25 ಲೀಟರಿಗಿಂತ ಕಡಿಮೆ ನೀರು ಹಿಡಿಯುವ ಬಾಯ್ಲರ್ ಬಾಯ್ಲರೇ ಅಲ್ಲ. ಹಿಂದೆ ಈ ಮಿತಿ ಐದು ಗ್ಯಾಲನ್, ಅಂದರೆ 22.75 ಲೀಟರ್ ಇತ್ತು. ಮಿತಿಯೆಂದರೆ ಅದರ ಕೆಳಗೆ ನುಸುಳುವ ಜಾಣತನವೂ ಹುಟ್ಟಿಕೊಳ್ಳುತ್ತದೆ. ನೀರಿನ ಪ್ರಮಾಣವನ್ನು ಮಿತಿಗಿಂತ ಕೂದಲೆಳೆಯಷ್ಟು ಕೆಳಗಿಟ್ಟು, ಸುರುಳಿ ಕೊಳವೆಯಲ್ಲಿ ಗಂಟೆಗೆ ನೂರಾರು ಕಿಲೋ ಹಬೆ ಹುಟ್ಟಿಸುವ ಯಂತ್ರಗಳನ್ನು "ನಾನ್-ಐಬಿಆರ್" ಎಂಬ ಹೆಸರಿನಲ್ಲಿಯೇ, ಅದೊಂದು ಗುಣವಿಶೇಷವೆಂಬಂತೆ, ಜಾಹೀರಾತು ಕೊಟ್ಟು ಮಾರಲಾಗುತ್ತದೆ. ಇನ್‌ಸ್ಪೆಕ್ಟರ್ ಬರುವುದಿಲ್ಲ, ಪ್ರಮಾಣಪತ್ರ ಬೇಕಿಲ್ಲ, ಅದನ್ನು ನಡೆಸಲು ಅರ್ಹತೆಯುಳ್ಳ ಅಟೆಂಡೆಂಟ್ ಬೇಕಿಲ್ಲ ಎಂಬುದೇ ಮಾರಾಟದ ಮಾತು. ನೀರು ಕಡಿಮೆಯಿದ್ದಷ್ಟೂ ಸ್ಫೋಟದ ಶಕ್ತಿ ಕಡಿಮೆಯೆಂಬ ತರ್ಕ ಸುಳ್ಳಲ್ಲ. ಆದರೆ ಪಕ್ಕದಲ್ಲಿ ನಿಂತು ಕೆಲಸ ಮಾಡುವವನ ಮುಖಕ್ಕೆ ಹಬೆ ಚಿಮ್ಮಲು ಇಪ್ಪತ್ತು ಲೀಟರ್ ಧಾರಾಳವಾಗಿ ಸಾಕು. ಬ್ರಿಟನ್ನಿನ ನಿಯಮಗಳಲ್ಲಿ ಸಂಕುಚಿತ ಗಾಳಿಯಂಥವುಗಳಿಗೆ ಒತ್ತಡ ಮತ್ತು ಗಾತ್ರಗಳ ಗುಣಲಬ್ಧದ ಒಂದು ಮಿತಿಯಿದೆ, ಹಬೆಗೆ ಮಾತ್ರ ಯಾವ ಮಿತಿಯೂ ಇಲ್ಲ. ಹೀಗಾಗಿ ಹೋಟೆಲಿನ ಕಟ್ಟೆಯ ಮೇಲಿನ ಕಾಫಿ ಯಂತ್ರದೊಳಗಿರುವ ಪುಟ್ಟ ಬಾಯ್ಲರಿಗೂ ಲಿಖಿತ ಯೋಜನೆ, ಪರೀಕ್ಷೆ, ವರದಿ ಎಲ್ಲವೂ ಬೇಕು.

ಇಷ್ಟು ಹೇಳಿದ ಮೇಲೆ, ಹೊರನಾಡಿನಲ್ಲಿ ನೆಲೆಸಿದವರು ಬರೆಯುವ ಹೋಲಿಕೆಗಳಲ್ಲಿ ಸಾಮಾನ್ಯವಾಗಿ ಕಾಣದ ಇನ್ನೊಂದು ಪಕ್ಕವನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಭಾರತದಲ್ಲಿ ಕಾನೂನಿನ ವ್ಯಾಪ್ತಿಗೆ ಬರುವ ಪ್ರತಿಯೊಂದು ಬಾಯ್ಲರಿಗೂ ನೋಂದಣಿ ಸಂಖ್ಯೆಯಿದೆ, ಅದನ್ನು ಲೋಹದ ಮೇಲೆಯೇ ಕೊರೆಯಲಾಗುತ್ತದೆ, ಬಾಯ್ಲರ್ ಕೈ ಬದಲಾಯಿಸಿ ರಾಜ್ಯ ದಾಟಿದರೂ ಅದರ ಕಡತ ಬೆನ್ನಟ್ಟಿ ಬರುತ್ತದೆ. ಬ್ರಿಟನ್ನಿನಲ್ಲಿ ದೇಶದ ಬಾಯ್ಲರುಗಳ ಇಂತಹ ಸರ್ಕಾರಿ ನೋಂದಣಿ ಪುಸ್ತಕ ಇಲ್ಲ. ವಿಮೆಯನ್ನೂ ಪರೀಕ್ಷೆಯನ್ನೂ ಮಾಡಿಸದ ಸಣ್ಣ ಬಳಕೆದಾರನೊಬ್ಬ ಎಲ್ಲಿದ್ದಾನೆಂಬುದು ಅನಾಹುತವಾಗುವ ತನಕ ಯಾರಿಗೂ ಗೊತ್ತಾಗದೆ ಹೋಗಬಹುದು. ಐಬಿಆರ್ ಪ್ರಕಾರ ಬಾಯ್ಲರಿನ ನಕ್ಷೆಗೆ ಮೊದಲೇ ಒಪ್ಪಿಗೆ ಬೇಕು, ತಗಡಿಗೂ ಟ್ಯೂಬಿಗೂ ತಯಾರಾದ ಕಡೆಯಿಂದಲೇ ದಾಖಲೆ ಬೇಕು, ವೆಲ್ಡಿಂಗ್ ಮಾಡುವವನು ಪರೀಕ್ಷೆ ಪಾಸಾಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಬಾಯ್ಲರ್ ನಡೆಸುವವನು ಮೊದಲ ದರ್ಜೆಯ ಅಥವಾ ಎರಡನೆಯ ದರ್ಜೆಯ ಅಟೆಂಡೆಂಟ್ ಪ್ರಮಾಣಪತ್ರ ಪಡೆದಿರಬೇಕೆಂದು ಕಾನೂನೇ ಹೇಳುತ್ತದೆ. ಬ್ರಿಟನ್ನಿನಲ್ಲಿ ಬಾಯ್ಲರ್ ನಡೆಸಲು ಸರ್ಕಾರದ ಪರವಾನಗಿ ಬೇಕಾಗಿಲ್ಲ. ಉದ್ಯಮವೇ ನಡೆಸುವ ತರಬೇತಿ ಯೋಜನೆಗಳಿವೆ, ಮಾರ್ಗದರ್ಶಿಗಳಿವೆ, ಕೆಲಸಗಾರನಿಗೆ ತಕ್ಕ ಮಾಹಿತಿ ಕೊಡುವ ಹೊಣೆ ಮಾಲೀಕನ ಮೇಲಿದೆ. ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯಾದ ಗೇಜ್ ಗ್ಲಾಸಿನಲ್ಲಿ ನೀರು ಕಾಣದಿದ್ದಾಗ ಪಂಪು ಹಾಕಿ ತಣ್ಣೀರು ನುಗ್ಗಿಸಬಾರದು, ಮೊದಲು ಬೆಂಕಿಯನ್ನು ತೆಗೆಯಬೇಕು ಎಂಬುದನ್ನು ನನಗೆ ಕಲಿಸಿದವರು ಎಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರಲ್ಲ, ಮೊದಲ ದರ್ಜೆಯ ಪ್ರಮಾಣಪತ್ರವಿದ್ದ ಒಬ್ಬ ಅಟೆಂಡೆಂಟ್. ಪಾಳಿಗೊಮ್ಮೆ ಗೇಜ್ ಗ್ಲಾಸಿನ ಕಾಕ್ ತೆರೆದು ನೀರು, ಹಬೆ ಹೊರಚಿಮ್ಮಿಸಿ ಪರೀಕ್ಷಿಸದೆ ಅವರು ಕೆಲಸ ಒಪ್ಪಿಸಿಕೊಳ್ಳುತ್ತಿರಲಿಲ್ಲ.

ಆದ್ದರಿಂದ ಸರ್ಕಾರಿ ಇನ್‌ಸ್ಪೆಕ್ಟರ್ ಬೇಕೋ ಖಾಸಗಿ ಪರೀಕ್ಷಕ ಬೇಕೋ ಎಂದು ನಮ್ಮಲ್ಲಿ ನಡೆಯುವ ಜಗಳ ತಪ್ಪು ಜಾಗದಲ್ಲಿ ನಡೆಯುತ್ತಿದೆಯೆಂದು ನನಗೆ ಅನ್ನಿಸುತ್ತದೆ. ಭಾರತವು 2007ರ ತಿದ್ದುಪಡಿಯಲ್ಲಿಯೇ ಸಮರ್ಥ ವ್ಯಕ್ತಿಗಳಿಗೆ ಬಾಗಿಲು ತೆರೆಯಿತು. ಈಗ 1923ರ ಕಾಯಿದೆಯ ಜಾಗಕ್ಕೆ 2025ರ ಬಾಯ್ಲರುಗಳ ಅಧಿನಿಯಮ ಬಂದಿದೆ. ಏಳು ಅಪರಾಧಗಳ ಪೈಕಿ ಜೀವಹಾನಿ, ಆಸ್ತಿಹಾನಿಗೆ ಎಡೆಯಾಗಬಲ್ಲ ನಾಲ್ಕನ್ನು ಮಾತ್ರ ಕ್ರಿಮಿನಲ್ ಅಪರಾಧಗಳಾಗಿ ಉಳಿಸಿಕೊಂಡು ಮಿಕ್ಕವಕ್ಕೆ ದಂಡದ ಹಾದಿ ಹಿಡಿದಿರುವುದನ್ನು ನಾನು ವಿರೋಧಿಸುವುದಿಲ್ಲ. ಅರ್ಜಿ ತಡವಾದದ್ದಕ್ಕೂ ಮಿತಿಮೀರಿದ ಒತ್ತಡವನ್ನು ಹೊರಬಿಡುವ ಸೇಫ್ಟಿ ವಾಲ್ವ್ ಬಿಗಿದು ಕಟ್ಟಿದ್ದಕ್ಕೂ ಒಂದೇ ಅಳತೆಗೋಲು ಇರಬಾರದು. ನನ್ನ ಅಳುಕು ಬೇರೆ. ಪರೀಕ್ಷಕನನ್ನು ಆರಿಸುವ ಹಕ್ಕನ್ನು ಮಾಲೀಕನಿಗೆ ಕೊಟ್ಟು, ಆ ಪರೀಕ್ಷಕನನ್ನು ಸರ್ಕಾರಕ್ಕೆ ಕಟ್ಟಿಹಾಕುವ ಹತ್ತನೆಯ ಕಲಮಿನಂಥ ಹಗ್ಗವನ್ನು ಕೊಡದಿದ್ದರೆ, ಪೇಟೆಯಲ್ಲಿ ಗೆಲ್ಲುವುದು ಡ್ರಮ್ಮಿನೊಳಗೆ ಹೆಚ್ಚು ಹೊತ್ತು ಇರದ ಪರೀಕ್ಷಕ. ಬ್ರಿಟನ್ನಿನ ವ್ಯವಸ್ಥೆಯಿಂದ ಖಾಸಗಿ ಪರೀಕ್ಷಕನನ್ನು ಮಾತ್ರ ತಂದುಕೊಳ್ಳುವುದು ಬಂಡಿಯ ಒಂದೇ ಗಾಲಿಯನ್ನು ಕೊಂಡುತಂದಂತೆ.

ಪರೀಕ್ಷೆಯ ವ್ಯಾಪ್ತಿಯ ಪ್ರಶ್ನೆಯೂ ಇದೆ. ಹೈಡ್ರಾಲಿಕ್ ಟೆಸ್ಟ್ ಲೋಹದ ಗಟ್ಟಿತನವನ್ನು ಹೇಳುತ್ತದೆ, ನಡೆಸುವ ರೀತಿಯನ್ನು ಹೇಳುವುದಿಲ್ಲ. 2017ರ ನವೆಂಬರ್ 1ರಂದು ಉತ್ತರ ಪ್ರದೇಶದ ಊಂಚಾಹಾರ್ ವಿದ್ಯುತ್ ಸ್ಥಾವರದ 500 ಮೆಗಾವ್ಯಾಟ್ ಘಟಕದಲ್ಲಿ ನಾಲ್ವತ್ತಕ್ಕೂ ಹೆಚ್ಚು ಜನ ಸತ್ತರು. ಕುಲುಮೆಯ ತಳದಲ್ಲಿ ಬೂದಿ ಗಟ್ಟಿಯಾಗಿ ಕಟ್ಟಿಕೊಂಡದ್ದು ಅದರ ಮೂಲವೆಂದು ಆಗ ವರದಿಯಾಯಿತು. ಬಾಯ್ಲರ್ ಉರಿಯುತ್ತಿರುವಾಗಲೇ ಬೂದಿಯನ್ನು ಒಡೆದು ತೆಗೆಯುವುದೋ, ಉತ್ಪಾದನೆ ನಿಲ್ಲಿಸಿ ತೆಗೆಯುವುದೋ ಎಂಬ ತೀರ್ಮಾನವನ್ನು ಯಾವ ವಾರ್ಷಿಕ ಪ್ರಮಾಣಪತ್ರವೂ ಮುಂಗಂಡು ತೂಗಲಾರದು. ಲಿಖಿತ ಯೋಜನೆ ಮತ್ತು ಕೆಲಸದ ಅಪಾಯಗಳ ಮೌಲ್ಯಮಾಪನ ಇರುವ ಕಡೆ ಆ ತೀರ್ಮಾನ ಯಾರದೆಂಬುದು ಮೊದಲೇ ಕಾಗದದ ಮೇಲೆ ಇರುತ್ತದೆ. ಅದರಿಂದ ಅಪಘಾತ ತಪ್ಪಿಯೇ ತಪ್ಪುತ್ತದೆಂದಲ್ಲ, ಆದರೆ "ಇನ್‌ಸ್ಪೆಕ್ಟರ್ ಒಪ್ಪಿದ್ದರಲ್ಲ" ಎಂಬ ಉತ್ತರಕ್ಕೆ ಅಲ್ಲಿ ಜಾಗವಿರುವುದಿಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಕೊರತೆ ಕಾಣುವುದು ಅಪಘಾತವಾದ ಮೇಲೆ. 1882ರ ಬ್ರಿಟಿಷ್ ಕಾಯಿದೆಯನ್ನು ನಾನು ಮೇಲೆ ಹಗುರವಾಗಿ ಉಲ್ಲೇಖಿಸಿದೆ. ನಿಜಕ್ಕೂ ಅದರ ಹೆಚ್ಚುಗಾರಿಕೆ ಇರುವುದು ವಿಚಾರಣೆಯ ವರದಿಗಳನ್ನು ಬಹಿರಂಗಪಡಿಸುವ ಪದ್ಧತಿಯಲ್ಲಿ. ಬಾಯ್ಲರ್ ಎಷ್ಟು ಹಳೆಯದು, ತಗಡು ಎಲ್ಲಿ ಸವೆದಿತ್ತು, ಕೊನೆಯ ಬಾರಿ ನೋಡಿದವರು ಯಾರು, ಯಾವ ವಾಲ್ವ್ ಕಚ್ಚಿಕೊಂಡಿತ್ತು ಎಂಬುದೆಲ್ಲ ನಕ್ಷೆಯ ಸಹಿತ ಅಚ್ಚಾಗುತ್ತಿತ್ತು. ಔಪಚಾರಿಕ ವಿಚಾರಣೆಯಲ್ಲಿ ತಪ್ಪಿತಸ್ಥರೆಂದು ಕಂಡವರಿಂದಲೇ ವಿಚಾರಣೆಯ ವೆಚ್ಚವನ್ನು ವಸೂಲು ಮಾಡುವ ಅಧಿಕಾರವೂ ಇತ್ತು. ಊರಿನ ಇನ್ನೊಂದು ತುದಿಯಲ್ಲಿ ಅಂಥದೇ ಬಾಯ್ಲರ್ ಇಟ್ಟುಕೊಂಡವನು ಅದನ್ನು ಓದಿ ತನ್ನ ತಗಡನ್ನು ಹೋಗಿ ನೋಡುತ್ತಿದ್ದ. ಇಂದು ಬ್ರಿಟನ್ನಿನಲ್ಲಿ ಹಾಗೆ ಪ್ರತಿಯೊಂದನ್ನೂ ಅಚ್ಚು ಹಾಕುವುದಿಲ್ಲವಾದರೂ, ನ್ಯಾಯಾಲಯದಲ್ಲಿ ಶಿಕ್ಷೆಯಾದ ಪ್ರಕರಣಗಳ ವಿವರ, ಕಂಪನಿಯ ಹೆಸರು, ದಂಡದ ಮೊತ್ತ ಎಲ್ಲವನ್ನೂ ಪ್ರಾಧಿಕಾರವೇ ಪ್ರಕಟಿಸುತ್ತದೆ.

ಭಾರತದಲ್ಲಿ ಅಪಘಾತವಾದ 24 ಗಂಟೆಗಳೊಳಗೆ ಇನ್‌ಸ್ಪೆಕ್ಟರಿಗೆ ತಿಳಿಸಬೇಕೆಂಬ ನಿಯಮ 1923ರಿಂದಲೂ ಇತ್ತು. ತಿಳಿಸುತ್ತಾರೆ, ವಿಚಾರಣೆಯೂ ಆಗುತ್ತದೆ. ಆದರೆ ಪಕ್ಕದ ಜಿಲ್ಲೆಯ ಬಾಯ್ಲರ್ ಅಟೆಂಡೆಂಟನ ಕೈಗೆ ಸಿಗುವುದು ಪತ್ರಿಕೆಯಲ್ಲಿ ಬಂದ ಸಾವಿನ ಸಂಖ್ಯೆ ಮತ್ತು ಪರಿಹಾರದ ಮೊತ್ತ ಮಾತ್ರ. ನನ್ನ ಸೇವೆಯ ಆ ವರ್ಷಗಳಲ್ಲಿ ಇನ್ನೊಂದು ಕಾರ್ಖಾನೆಯ ಸ್ಫೋಟದ ತಾಂತ್ರಿಕ ವರದಿಯೊಂದನ್ನು ನಾನು ಕಣ್ಣಾರೆ ಕಂಡದ್ದಿಲ್ಲ. 2020ರಲ್ಲಿ ತಮಿಳುನಾಡಿನ ನೈವೇಲಿಯ ಒಂದೇ ಉಷ್ಣ ವಿದ್ಯುತ್ ಸ್ಥಾವರದಲ್ಲಿ ಮೇ 7ರಂದು ಒಮ್ಮೆ, ಜುಲೈ 1ರಂದು ಮತ್ತೊಮ್ಮೆ ಬಾಯ್ಲರ್ ಅವಘಡಗಳಾಗಿ ಕಾರ್ಮಿಕರು ಸತ್ತರು. ಎರಡರ ನಡುವೆ ಎರಡು ತಿಂಗಳೂ ತುಂಬಿರಲಿಲ್ಲ.

ಬಾಯ್ಲರ್ ನಮ್ಮ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿರುವ ವಿಷಯ. ತಾಂತ್ರಿಕ ನಿಯಮಾವಳಿ ಕೇಂದ್ರದ್ದಾದರೂ ಜಾರಿಯ ಕೆಲಸ ರಾಜ್ಯಗಳದ್ದು, ಮತ್ತು ತಮ್ಮ ಪಾಲಿನ ನಿಯಮಗಳನ್ನು ಮಾಡುವ ಅಧಿಕಾರ ಅವುಗಳಿಗಿದೆ. ಕರ್ನಾಟಕದ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆ ಹೊಸ ಕಾಯಿದೆಗೆ ತಕ್ಕಂತೆ ತನ್ನ ನಿಯಮಗಳನ್ನು ಬರೆಯುವಾಗ ಮಾಡಬಹುದಾದ ಎರಡು ಕೆಲಸಗಳಿಗೆ ದೊಡ್ಡ ಖರ್ಚೇನೂ ಇಲ್ಲ. ಪ್ರಮಾಣಪತ್ರ ನಿರಾಕರಿಸಿದ ಅಥವಾ ಅಪಾಯ ಕಂಡ ಯಾವುದೇ ಖಾಸಗಿ ಪರೀಕ್ಷಕನು ಆ ವಿಷಯವನ್ನು ಹದಿನಾಲ್ಕು ದಿನಗಳೊಳಗೆ ಇಲಾಖೆಗೆ ನೇರವಾಗಿ ತಿಳಿಸಬೇಕೆಂದು ಬರೆಯುವುದು ಒಂದು. ಪ್ರತಿಯೊಂದು ಬಾಯ್ಲರ್ ಅಪಘಾತದ ತಾಂತ್ರಿಕ ವರದಿಯನ್ನು, ತಪ್ಪು ಯಾರದೆಂಬ ತೀರ್ಪು ನ್ಯಾಯಾಲಯದಿಂದ ಬರುವುದಕ್ಕೆ ಕಾಯದೆ, ಏನು ಒಡೆಯಿತು ಮತ್ತು ಏಕೆ ಒಡೆಯಿತು ಎಂಬಷ್ಟನ್ನಾದರೂ ಅಟೆಂಡೆಂಟ್ ಪರೀಕ್ಷೆಗೆ ಕೂರುವ ಹುಡುಗನಿಗೆ ಅರ್ಥವಾಗುವ ಕನ್ನಡದಲ್ಲಿ ಪ್ರಕಟಿಸುವುದು ಇನ್ನೊಂದು.